ಕ್ವೀನ್ ಮೇರಿ 2 ಹಡಗಲ್ಲಿ ರಾತ್ರಿ ಊಟಕ್ಕೆ ಏನು ಉಡೋದು: ಏಳು ರಾತ್ರಿ ಉಟ್ಟು ನೋಡಿ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಗೌನ್ ಕೊಂಡ್ಕೋಬೇಡಿ. ಬೀರುವಿನಲ್ಲಿರೋ ಮೈಸೂರು ಸಿಲ್ಕ್ ಎರಡು ತಗೊಂಡು ಹೋಗಿ, ಮನೆಯವರಿಗೆ ಒಂದು ಕಪ್ಪು ಬಂದ್‌ಗಲಾ, ಅಂದ್ರೆ ಕತ್ತು ಮುಚ್ಚೋ ಕಾಲರಿನ ಕೋಟು, ಹೊಲಿಸಿ, ಸಾಕು.

ನಾವು ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಕ್ಯೂನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಹಡಗಲ್ಲಿ ಹೋಗಿದ್ದು, ಏಳು ರಾತ್ರಿ, ಮಧ್ಯೆ ಎಲ್ಲೂ ನಿಲ್ಲಲ್ಲ, ಬರೀ ನೀರು. ಮಗ ಸೊಸೆ ಇಂಗ್ಲೆಂಡಲ್ಲಿದಾರೆ, ನಮ್ಮ 35ನೇ ವರ್ಷದ ಮದುವೆ ದಿನಕ್ಕೆ ಅಂತ ಟಿಕೆಟ್ ಅವರೇ ಕೊಡಿಸಿದ್ರು. ಹಡಗಿನ ಬಗ್ಗೆ ಬರೆಯೋರು ತುಂಬಾ ಜನ ಇದಾರೆ, ಆದ್ರೆ ರಾತ್ರಿ ಊಟಕ್ಕೆ ಏನು ಹಾಕ್ಕೋಬೇಕು ಅನ್ನೋದನ್ನ ನಮ್ಮ ಕಡೆಯವರು ಯಾರೂ ಸರಿಯಾಗಿ ಬರ್ದಿಲ್ಲ, ಹೊರಡೋಕೆ ಮುಂಚೆ ನಾನು ಅದಕ್ಕೇ ಎರಡು ತಿಂಗಳು ತಲೆ ಕೆಡಿಸ್ಕೊಂಡಿದ್ದೆ, ಹಾಗಾಗಿ ಬರೀತಿದೀನಿ.

ತಲೆ ಕೆಡೋಕೆ ಕಾರಣ ಇಲ್ಲಿನ ಒಬ್ಬ ಟ್ರಾವೆಲ್ ಏಜೆಂಟ್. ವೀಸಾ ಪೇಪರ್ ಕೊಡೋಕೆ ಹೋದಾಗ, "ಮೇಡಂ, ಅದು ಬ್ಲ್ಯಾಕ್ ಟೈ ಹಡಗು, ಸೀರೆ ನಡಿಯಲ್ಲ, ಗೌನೇ ಬೇಕು, ಸಾರ್‌ಗೆ ಟಕ್ಸೀಡೋ" ಅಂದ್ಬಿಟ್ರು. ಅವರ ಮಾತು ನಂಬಿ ಬೆಂಗಳೂರಿಗೆ ಹೋಗಿ ಒಂದು ಬಾಡಿಗೆ ಬಟ್ಟೆ ಅಂಗಡಿಯಲ್ಲಿ ಇವರಿಗೆ ಟಕ್ಸೀಡೋ, ನನಗೆ ಒಂದು ನೀಲಿ ಗೌನ್ ನೋಡಿ 3,000 ರೂಪಾಯಿ ಅಡ್ವಾನ್ಸ್ ಕೊಟ್ವಿ. ಗೌನ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತಾಗ ತೋಳು ಬೆನ್ನು ಎಲ್ಲಾ ಬರಿದು, ನನಗೆ 61 ವರ್ಷ, ಒಂದು ದಿನವೂ ಹಾಗೆ ಉಟ್ಟವಳಲ್ಲ, ಸಂಕಟ ಆಗೋಯ್ತು. ಇವರ ಕೋಟಿನ ತೋಳು ಹೆಬ್ಬೆರಳು ಮುಚ್ಚೋಷ್ಟು ಉದ್ದ. ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ಹಡಗಿನ ಕಂಪನಿಯ ನಿಯಮ ತೆಗೆದು ಓದಿ ಅವತ್ತೇ ಫೋನ್ ಮಾಡಿದ್ಲು, "ಅತ್ತೆ, ಗಾಲಾ ಅಂತ ಎಲ್ಲರೂ ಜೋರಾಗಿ ಅಲಂಕಾರ ಮಾಡ್ಕೊಂಡು ಬರೋ ವಿಶೇಷ ರಾತ್ರಿಗೆ ಅವರವರ ದೇಶದ ಫಾರ್ಮಲ್ ಉಡುಪು ಹಾಕ್ಕೋಬಹುದು ಅಂತ ಅವರೇ ಬರ್ದಿದಾರೆ, ನಿಮ್ಮ ಸೀರೇನೇ ತಗೊಂಡ್ ಬನ್ನಿ." ಬುಕಿಂಗ್ ಕ್ಯಾನ್ಸಲ್ ಮಾಡಿದ್ವಿ, ಅಡ್ವಾನ್ಸ್ ವಾಪಸ್ ಬರ್ಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಸೀರೆ ನಡಿಯಲ್ಲ ಅಂತ ನಮ್ಮೂರಿನವರೇ ಹೇಳಿದ್ರಲ್ಲ, ಅದೇ ನನಗೆ ಜಾಸ್ತಿ ಬೇಜಾರಾಗಿದ್ದು.

ಈಗ ನಿಯಮ ಏನು ಅಂತ. ಈ ಹಡಗಲ್ಲಿ ಸಂಜೆ 6 ಗಂಟೆ ಆದ್ಮೇಲೆ ಒಂದು ಮಟ್ಟದ ಬಟ್ಟೆ ಬೇಕು. ಊಟದ ಹಾಲ್‌ಗೆ ಮಾತ್ರ ಅಲ್ಲ, ಥಿಯೇಟರ್, ಡ್ಯಾನ್ಸ್ ಹಾಲ್, ಬಾರ್, ಹಡಗಿನ ಹೆಚ್ಚಿನ ಜಾಗಕ್ಕೆಲ್ಲ ಇದೇ. ಬೇರೆ ಹಡಗುಗಳಲ್ಲಿ ಊಟ ಮುಗಿಸಿ ಬಂದು ಚಡ್ಡಿ ಟೀ ಶರ್ಟ್ ಹಾಕ್ಕೊಂಡು ಓಡಾಡ್ತಾರೆ, ಇಲ್ಲಿ ಅದಾಗಲ್ಲ. ಸಾಮಾನ್ಯ ರಾತ್ರಿಗೆ ಸ್ಮಾರ್ಟ್ ಅಟೈರ್ ಅಂತಾರೆ, ಗಂಡಸರಿಗೆ ಕಾಲರ್ ಇರೋ ಶರ್ಟು ಒಳ್ಳೆ ಪ್ಯಾಂಟು, ಮೇಲೆ ಬ್ಲೇಜರ್ ಇದ್ರೆ ಚೆಂದ, ಟೈ ನಿಮ್ಮಿಷ್ಟ. ಹರಿದಿಲ್ಲದ ಜೀನ್ಸ್ ಕೂಡ ನಡಿಯುತ್ತೆ, ಚಡ್ಡಿ ಮಾತ್ರ ಬೇಡ. ನಮ್ಮ ಟ್ರಿಪ್‌ನಲ್ಲಿ ಏಳರಲ್ಲಿ ಎರಡು ರಾತ್ರಿ ಗಾಲಾ ಇತ್ತು, ಒಂದು ಕಪ್ಪು ಬಿಳುಪು, ಇನ್ನೊಂದು ಕೆಂಪು ಚಿನ್ನ. ಆ ಬಣ್ಣ ಹಾಕ್ಕೊಳ್ಳೇಬೇಕು ಅಂತಿಲ್ಲ, ಆದ್ರೆ ಗಂಡಸರಿಗೆ ಟಕ್ಸೀಡೋ, ಡಾರ್ಕ್ ಸೂಟ್ ಅಥವಾ ದೇಶದ ಉಡುಪು, ಇದ್ರಲ್ಲಿ ಒಂದು ಬೇಕೇ ಬೇಕು. ಇದ್ಯಾವುದೂ ಬೇಡ, ಆರಾಮಾಗಿ ಇರ್ತೀವಿ ಅನ್ನೋರಿಗೆ ಏಳನೇ ಡೆಕ್‌ನಲ್ಲಿ ಕಿಂಗ್ಸ್ ಕೋರ್ಟ್ ಅನ್ನೋ ಬಫೆ, ಕ್ಯಾರಿಂಥಿಯಾ ಲೌಂಜ್, ಕೆಳಗೆ ಎರಡನೇ ಡೆಕ್ಕಲ್ಲಿ ಗೋಲ್ಡನ್ ಲಯನ್ ಪಬ್ ಇದೆ, ಅಲ್ಲಿ ಗಾಲಾ ಬಟ್ಟೆ ಬೇಕಿಲ್ಲ, ಯಾರೂ ಉಪವಾಸ ಮಲಗಬೇಕಾಗಿಲ್ಲ.

ಮೊದಲನೇ ರಾತ್ರಿ ಗಾಲಾ ಇರ್ಲಿಲ್ಲ. ಹತ್ತೋವಾಗ ಸೂಟ್‌ಕೇಸ್ ಬಂದರಲ್ಲೇ ತಗೊಂಡು ಆಮೇಲೆ ರೂಮಿಗೆ ತಂದು ಕೊಡ್ತಾರೆ, ಅದು ನಿಮ್ಮ ಕೈಗೆ ಸಿಗೋಷ್ಟರಲ್ಲಿ ಸಂಜೆ ಆಗ್ಬಹುದು. ಅದಕ್ಕೇ ಒಂದು ಜೊತೆ ಒಳ್ಳೆ ಬಟ್ಟೆ, ಮಾತ್ರೆ, ಒಡವೆ ಇವನ್ನ ಕೈಚೀಲದಲ್ಲೇ ಇಟ್ಕೊಳ್ಳಿ. ನಾನು ಒಂದು ರೇಷ್ಮೆ ಚೂಡಿದಾರ್ ಇಟ್ಕೊಂಡಿದ್ದೆ, ಅದ್ರಲ್ಲೇ ಊಟಕ್ಕೆ ಹೋದೆ.

ಊಟದ ಹಾಲ್ ಬಗ್ಗೆ ಹೇಳ್ಲೇಬೇಕು. ಬ್ರಿಟಾನಿಯಾ ರೆಸ್ಟೋರೆಂಟ್ ಅಂತ, ಹಡಗಿನ ಅಗಲ ಪೂರ್ತಿ, ಎರಡು ಅಂತಸ್ತು, ಮಧ್ಯೆ ದೊಡ್ಡ ಮೆಟ್ಟಿಲು, ಗೋಡೆ ಮೇಲೆ ಒಂದು ಹಡಗು ನ್ಯೂಯಾರ್ಕ್ ಮುಂದೆ ನಿಂತಿರೋ ಭಾರೀ ನೇಯ್ಗೆ ಚಿತ್ರ. ಈ ಹಾಲ್‌ಗೆ ಸಾದಾ ಬಟ್ಟೆಯಲ್ಲಿ ಹೋದ್ರೆ ಯಾರೂ ಏನೂ ಅನ್ನದಿದ್ರೂ ನಿಮಗೇ ಸರಿ ಅನ್ಸಲ್ಲ, ಮದುವೆ ಮನೆಗೆ ಮನೆ ಬಟ್ಟೆಯಲ್ಲಿ ಹೋದ ಹಾಗೆ. ಆ ಮೆಟ್ಟಿಲು ಇಳಿಯೋದಕ್ಕೆ ಅಂತಲೇ ಜನ ಅಷ್ಟು ಅಲಂಕಾರ ಮಾಡ್ಕೊಂಡು ಬರ್ತಾರೆ ಅನ್ನೋದು ಗಾಲಾ ದಿನ ನೋಡಿದ್ರೆ ಅರ್ಥ ಆಗುತ್ತೆ.

ಕಪ್ಪು ಬಿಳುಪು ರಾತ್ರಿಗೆ ನನ್ನ ಹತ್ರ ಕಪ್ಪು ರೇಷ್ಮೆ ಸೀರೆ ಇಲ್ಲ. ನಮ್ಮ ಮನೆಯಲ್ಲಿ ಶುಭಕ್ಕೆ ಕಪ್ಪು ತರೋದಿಲ್ಲ, ಅತ್ತೆಯವರು ಇರೋವರೆಗೂ ತರ್ಲಿಲ್ಲ, ಆಮೇಲೂ ತರೋಕೆ ಮನಸ್ಸಾಗ್ಲಿಲ್ಲ. ಹಾಲು ಬಣ್ಣದ ಮೈಸೂರು ಸಿಲ್ಕ್, ಸಣ್ಣ ಜರಿ ಅಂಚು, ಅದಕ್ಕೆ ಮೊಣಕೈವರೆಗೆ ಕಪ್ಪು ವೆಲ್ವೆಟ್ ರವಿಕೆ ಹೊಲಿಸ್ಕೊಂಡೆ. ಇವರದು ಕಪ್ಪು ಬಂದ್‌ಗಲಾ, ಕಪ್ಪು ಪ್ಯಾಂಟು, ಜೇಬಲ್ಲಿ ಬಿಳಿ ಕರ್ಚೀಫು. ಬಂದ್‌ಗಲಾ ಹೊಲಿದವರು ನಮ್ಮ ಬಡಾವಣೆಯ ಟೈಲರೇ, ಅಳತೆ ಸರಿಯಾಗಿ ಕೂತಿತ್ತು, ಬಾಡಿಗೆ ಟಕ್ಸೀಡೋಗೂ ಇದಕ್ಕೂ ಹೋಲಿಕೆಯೇ ಇಲ್ಲ. ಬಾಗಿಲಲ್ಲಿ ನಿಂತಿದ್ದವರು ನಗ್ತಾ ಟೇಬಲ್‌ಗೆ ಕರ್ಕೊಂಡು ಹೋದ್ರು, ಅಷ್ಟೇ.

ನಮ್ಮ ಟೇಬಲ್‌ನಲ್ಲಿ ಸ್ಕಾಟ್ಲೆಂಡ್‌ನ ಒಂದು ವಯಸ್ಸಾದ ಜೋಡಿ, ಆತ ಕಿಲ್ಟ್, ಅಂದ್ರೆ ಅಲ್ಲಿನ ಗಂಡಸರು ಉಡೋ ನೆರಿಗೆ ಲಂಗದ ಥರದ್ದು, ಉಟ್ಟು ಬಂದಿದ್ರು. ಅದೂ ಅವರ ನಾಡಿನ ಉಡುಪೇ ತಾನೆ. ನನ್ನ ನೆರಿಗೆ ನೋಡಿ ಆಯಮ್ಮ ಕೇಳಿದ್ರು, ಇದನ್ನ ಹೊಲಿದಿರ್ತೀರಾ ಅಂತ. ಇಲ್ಲ, ದಿನಾ ಹೊಸದಾಗಿ ಹಿಡೀತೀವಿ ಅಂದೆ. ಆತ ತಮ್ಮ ಕಿಲ್ಟ್ ಹಿಂದೆ ತಿರುಗಿಸಿ ಹೊಲಿದ ನೆರಿಗೆ ತೋರಿಸಿ, ಸಾಂಪ್ರದಾಯಿಕ ಕಿಲ್ಟ್‌ಗೆ 8 ಗಜ ಬಟ್ಟೆ ಬೇಕು ಅಂದ್ರು, ನನ್ನದು 6 ಗಜ! ಅವತ್ತಿನ ಊಟ ಪೂರ್ತಿ ನೆರಿಗೆ ಮಾತೇ. ಮಾರನೇ ದಿನ ಮಧ್ಯಾಹ್ನ ಆಯಮ್ಮನಿಗೆ ನಮ್ಮ ರೂಮಲ್ಲಿ ಸೀರೆ ಉಡಿಸಿದೆ, ಕನ್ನಡಿ ಮುಂದೆ ನಿಂತು ಸೆರಗು ಹಿಡ್ಕೊಂಡು ಎಷ್ಟು ಹೊತ್ತು ನೋಡ್ಕೊಂಡ್ರು ಅಂದ್ರೆ ನನಗೆ ಕಣ್ಣು ತುಂಬ್ತು.

ಮೈಸೂರು ಸಿಲ್ಕೇ ಯಾಕೆ, ಕಂಚಿ ಯಾಕಲ್ಲ ಅಂತ ಕೇಳಿದ್ರೆ ಊರಿನ ಅಭಿಮಾನ ಒಂದು ಕಡೆ ಇರ್ಲಿ, ಹಡಗಿಗೆ ಇದು ನಿಜವಾಗ್ಲೂ ಅನುಕೂಲ. ನೂಲಿಗೆ ಜಾಸ್ತಿ ಹುರಿ ಕೊಟ್ಟು ನೇಯೋ ಕ್ರೇಪ್ ಬಟ್ಟೆ ಅದು, ಸುಲಭಕ್ಕೆ ಸುಕ್ಕಾಗಲ್ಲ, ಮೈಗೆ ಒಪ್ಪಿ ಬೀಳುತ್ತೆ, ಸುರುಳಿ ಸುತ್ತಿ ಸೂಟ್‌ಕೇಸಿನ ಮೂಲೆಗೆ ಇಟ್ರೂ ಜಾಗ ತಿನ್ನಲ್ಲ. ಕಂಚಿ ಸೀರೆ ಭಾರ, ಮಡಿಕೆ ಬಿದ್ರೆ ಹಾಗೇ ನಿಲ್ಲುತ್ತೆ. ಹಡಗಿನ ರೂಮಲ್ಲಿ ಇಸ್ತ್ರಿ ಪೆಟ್ಟಿಗೆ, ಸ್ಟೀಮರ್ ಎರಡೂ ಇಟ್ಕೊಳ್ಳೋ ಹಾಗಿಲ್ಲ, ಬೆಂಕಿ ಭಯ, ಬ್ಯಾಗಲ್ಲಿ ಸಿಕ್ರೆ ತೆಗೆದಿಟ್ಕೋತಾರೆ. ಬಟ್ಟೆ ಒಗೆಯೋ ರೂಮುಗಳಿವೆ, ಮಷಿನ್ನು ಇಸ್ತ್ರಿ ಎಲ್ಲಾ ಫ್ರೀ, ಆದ್ರೆ ಗಾಲಾ ದಿನ ಮಧ್ಯಾಹ್ನ ಹೋದ್ರೆ ಅಲ್ಲಿ ದೊಡ್ಡ ಕ್ಯೂ, ಬೆಳಿಗ್ಗೆ ತಿಂಡಿಗೆ ಮುಂಚೆ ಹೋಗಿ. ನನ್ನ ಎರಡು ಸೀರೆಗೂ ಇಸ್ತ್ರಿ ಬೇಕಾಗ್ಲೇ ಇಲ್ಲ, ಹಿಂದಿನ ರಾತ್ರಿ ಹ್ಯಾಂಗರ್‌ಗೆ ಹಾಕಿದ್ದೆ ಅಷ್ಟೇ. ಇವರ ಬಿಳಿ ಶರ್ಟಿಗೆ ಮಾತ್ರ ಬೇಕಾಯ್ತು.

ಕೆಂಪು ಚಿನ್ನದ ರಾತ್ರಿ ಅಂತೂ ನಮಗೇ ಅಂತ ಇಟ್ಟ ಹಾಗಿತ್ತು. ಕುಂಕುಮ ಕೆಂಪು ಮೈಸೂರು ಸಿಲ್ಕ್, ಅಗಲ ಜರಿ ಅಂಚು, ಅದು ನನ್ನ ಅಮ್ಮ ನನ್ನ ಮದುವೆಗೆ ಕೊಡಿಸಿದ ಸೀರೆ, ಸರ್ಕಾರಿ ಶೋರೂಮಿಂದು. ಆ ಸೀರೆ ನೇಯೋ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ 1912ರಲ್ಲಿ ಮೈಸೂರಲ್ಲಿ ಶುರುವಾಗಿದ್ದು, ಜರಿಯಲ್ಲಿ ನಿಜವಾದ ಬೆಳ್ಳಿ ಚಿನ್ನ ಇರುತ್ತೆ, ಈಗ ಅದನ್ನ ನಡೆಸೋ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯವರು 65% ಬೆಳ್ಳಿ, 0.65% ಚಿನ್ನ ಅಂತ ಹೇಳ್ತಾರೆ. ಅಷ್ಟು ವರ್ಷ ಆಗಿದ್ರೂ ಆ ಅಂಚು ದೀಪದ ಬೆಳಕಿಗೆ ಹೇಗೆ ಹೊಳೀತಿತ್ತು ಅಂದ್ರೆ, ಪಕ್ಕದ ಟೇಬಲ್‌ನ ಹೆಂಗಸೊಬ್ಬರು ಎದ್ದು ಬಂದು ಮುಟ್ಟಿ ನೋಡ್ಲಾ ಅಂತ ಕೇಳಿದ್ರು. ಎಲ್ಲಿ ಸಿಗುತ್ತೆ ಅಂದ್ರು, ಮೈಸೂರು ಅಂದೆ, ಪೆನ್ ತೆಗೆದು ಮೆನು ಕಾರ್ಡ್ ಹಿಂದೆ ಬರ್ಕೊಂಡ್ರು. ಅಮ್ಮ ಈಗಿಲ್ಲ. ಇದ್ದಿದ್ರೆ ಅವತ್ತೇ ಫೋನ್ ಮಾಡಿ ಹೇಳ್ತಿದ್ದೆ.

ಕಷ್ಟದ ವಿಷಯಗಳೂ ಇವೆ. ಉತ್ತರ ಅಟ್ಲಾಂಟಿಕ್ ಅಂದ್ರೆ ಗಾಳಿ ಚಳಿ ಎರಡೂ, ಬೇಸಿಗೆಯಲ್ಲೂ. ಉಟ್ಕೊಂಡು ಫೋಟೋ ತೆಗೆಸ್ಕೊಳ್ಳೋಣ ಅಂತ ಏಳನೇ ಡೆಕ್‌ನ ಹೊರಗಡೆ ಹೋದ್ವಿ, ಬಾಗಿಲು ತೆಗೀತಿದ್ದ ಹಾಗೆ ಸೆರಗು ಪಟಪಟ ಅಂತ ತಲೆ ಮೇಲೆ ಹೋಯ್ತು, ನೆರಿಗೆಗೆ ಪಿನ್ ಹಾಕಿದ್ದಕ್ಕೆ ಬಚಾವು. ಫೋಟೋ ಒಳಗೇ ತೆಗೆಸ್ಕೊಳ್ಳಿ. ಭುಜದ ಹತ್ರ ಒಂದು, ನೆರಿಗೆಗೆ ಒಂದು, ಸೆರಗನ್ನ ಸೊಂಟದ ಹತ್ರ ಹಿಡಿಯೋಕೆ ಒಂದು, ಮೂರು ಪಿನ್ ಕಡ್ಡಾಯ ಅಂದ್ಕೊಳ್ಳಿ. ಹಡಗು 345 ಮೀಟರ್ ಉದ್ದ, ಅಲುಗಾಟ ಕಮ್ಮಿ ಮಾಡೋ ಸ್ಟೆಬಿಲೈಸರ್ ಇದೆ, ಆದ್ರೂ ಮೂರನೇ ದಿನ ಸಮುದ್ರ ಸ್ವಲ್ಪ ಎದ್ದಾಗ ಮೆಟ್ಟಿಲಲ್ಲಿ ಕಾಲು ತಡವರಿಸ್ತು, ಅಂಥ ಹೊತ್ತಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನೆರಿಗೆ, ಪರ್ಸ್ ಹಿಡಿಯೋಕೆ ಮೂರನೇ ಕೈ ಇಲ್ಲ. ಹೆಗಲಿಗೆ ಹಾಕ್ಕೊಳ್ಳೋ ಸಣ್ಣ ಚೀಲ ತಗೊಳ್ಳಿ. ಹೀಲ್ಸ್ ಬೇಡವೇ ಬೇಡ, ಹಿಂದೆ ಪಟ್ಟಿ ಇರೋ ಚಪ್ಪಟೆ ಚಪ್ಪಲಿ, ಸೀರೆ ಕೆಳಗೆ ಯಾರಿಗೆ ಕಾಣುತ್ತೆ. ಊಟದ ಹಾಲ್‌ನಲ್ಲಿ ಎಸಿ ತಣ್ಣಗಿರುತ್ತೆ, ಒಂದು ಪಶ್ಮಿನಾ ಶಾಲು ಇರ್ಲಿ, ಎರಡು ಸೀರೆಗೂ ಹೊಂದೋ ಬಣ್ಣದ್ದು ಒಂದೇ ಸಾಕು.

ಉಳಿದ ರಾತ್ರಿಗಳಿಗೆ ಇಳಕಲ್ ಸೀರೆ ಒಂದು, ಕಸೂತಿ ಹಾಕಿದ ಕುರ್ತಾ ಎರಡು ಒಯ್ದಿದ್ದೆ. ಇಳಕಲ್‌ದು ಹತ್ತಿ ರೇಷ್ಮೆ ಕೂಡಿದ್ದು, ಕೆಂಪು ತೋಪ್ ತೆನಿ ಸೆರಗು, ಸ್ಮಾರ್ಟ್ ಅಟೈರ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಇವರು ಒಂದೇ ನೇವಿ ಬ್ಲೇಜರ್‌ನಲ್ಲಿ ಶರ್ಟ್ ಬದಲಾಯಿಸ್ಕೊಂಡು ಐದು ರಾತ್ರಿ ಕಳೆದ್ರು, ಅದೂ ಚೆನ್ನಾಗೇ ಇತ್ತು. ರೇಷ್ಮೆ ಪಂಚೆ, ಶಲ್ಯ ಉಡ್ಬಹುದಾ ಅಂತ ನನ್ನ ಅಣ್ಣ ಕೇಳಿದ. ದೇಶದ ಉಡುಪು ಅಂದ್ಮೇಲೆ ಪಂಚೆಯೂ ಅದೇ, ನನ್ನ ಪ್ರಕಾರ ಜುಬ್ಬದ ಜೊತೆ ಧಾರಾಳವಾಗಿ ಉಡಬಹುದು, ಬೆಲ್ಟ್ ಮಾತ್ರ ಬಿಗಿಯಾಗಿರ್ಲಿ.

ಊಟದ ಹೊತ್ತಿನ ಬಗ್ಗೆ ಒಂದು ಮಾತು. ಬ್ರಿಟಾನಿಯಾದಲ್ಲಿ ಎರಡು ಪಂಕ್ತಿ, 6 ಗಂಟೆಗೆ ಒಂದು, ಎಂಟೂವರೆಗೆ ಒಂದು. ಎಂಟೂವರೆದೇ ತಗೊಳ್ಳಿ. ಆರರ ಪಂಕ್ತಿ ಅಂದ್ರೆ ನಾಲ್ಕೂವರೆಗೇ ಸೀರೆ ಉಡೋಕೆ ಕೂರಬೇಕು, ಕ್ವೀನ್ಸ್ ರೂಮ್ ಅನ್ನೋ ಡ್ಯಾನ್ಸ್ ಹಾಲಲ್ಲಿ ಮಧ್ಯಾಹ್ನದ ಟೀ ಅರ್ಧಕ್ಕೇ ಬಿಡಬೇಕಾಗುತ್ತೆ, ಆ ಟೀ ಬಿಡಬಾರದು. ಇನ್ನೊಂದು ಅನುಕೂಲ ಏನಂದ್ರೆ ಪಶ್ಚಿಮಕ್ಕೆ ಹೋಗೋವಾಗ ಐದು ರಾತ್ರಿ ಗಡಿಯಾರ ಒಂದೊಂದು ಗಂಟೆ ಹಿಂದಕ್ಕೆ ಇಡ್ತಾರೆ, ಹಾಗಾಗಿ ತಡವಾಗಿ ಊಟ ಮಾಡಿ, ಸೀರೆ ಬಿಚ್ಚಿ ಮಡಿಸಿಟ್ಟು ಮಲಗಿದ್ರೂ ನಿದ್ದೆಗೆ ಕೊರತೆ ಇಲ್ಲ. ನಾವು ಸಸ್ಯಾಹಾರಿಗಳು, ನಾಳೆಗೆ ಏನು ಬೇಕು ಅಂತ ಇವತ್ತೇ ವೇಟರ್‌ಗೆ ಹೇಳಿಟ್ರೆ ಮಾಡಿಕೊಡ್ತಿದ್ರು, ದಾಲ್ ಅನ್ನ ಪಲ್ಯದ ಥರ, ರುಚಿ ಸೌಮ್ಯ. ಉಪ್ಪಿನಕಾಯಿ ಇಲ್ಲದೆ ನನಗೆ ಆಗಲ್ಲ ಅದು ಬೇರೆ ಮಾತು, ಆದ್ರೆ ರೇಷ್ಮೆ ಉಟ್ಕೊಂಡಾಗ ಸೂಪ್ ಮುಂದೆ ನ್ಯಾಪ್ಕಿನ್ ಎದೆವರೆಗೂ ಎಳ್ಕೊಳ್ಳೋಕೆ ನಾಚಿಕೆ ಬೇಡ, ಎಣ್ಣೆ ಕಲೆ ಬಿದ್ರೆ ತೆಗೆಯೋದು ಕಷ್ಟ.

ಎಲ್ಲಾ ಹಡಗಲ್ಲೂ ಇಷ್ಟು ಇರಲ್ಲ ಅಂತ ಗೊತ್ತಿರ್ಲಿ. ನಾರ್ವೀಜಿಯನ್ ಕ್ರೂಸ್ ಲೈನ್ ಅನ್ನೋ ಕಂಪನಿಯ ಹಡಗಲ್ಲಿ ಕಡ್ಡಾಯದ ಫಾರ್ಮಲ್ ರಾತ್ರಿಯೇ ಇಲ್ಲ, ಸೆಲೆಬ್ರಿಟಿ ಅನ್ನೋ ಇನ್ನೊಂದು ಹಡಗು ಕಂಪನಿಯವರು 2015ರಲ್ಲೇ ಫಾರ್ಮಲ್ ರಾತ್ರಿ ತೆಗೆದು ಈವ್ನಿಂಗ್ ಶಿಕ್ ಅಂತ ಮಾಡಿದ್ರು. ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗೋ ಕಾರ್ಡೀಲಿಯಾ ಹಡಗಿನ ಥರದ ಚಿಕ್ಕ ಟ್ರಿಪ್‌ಗೆ ಒಂದು ಒಳ್ಳೆ ಕುರ್ತಾ, ಒಂದು ಹಗುರ ಸೀರೆ ಬೇಕಾದಷ್ಟಾಯ್ತು. ಅಂಥ ಟ್ರಿಪ್‌ಗೆ ಬಂದ್‌ಗಲಾ ಹೊತ್ಕೊಂಡು ಹೋಗ್ಬೇಡಿ.

ಕೊನೇ ರಾತ್ರಿ ವಿಷಯ ಒಂದು ಬಾಕಿ. ಮಾರನೇ ದಿನ ಇಳಿಯೋದು ಅಂದ್ರೆ ಹಿಂದಿನ ರಾತ್ರಿಯೇ ಸೂಟ್‌ಕೇಸ್ ಪ್ಯಾಕ್ ಮಾಡಿ ರೂಮಿನ ಹೊರಗೆ ಇಡ್ಬೇಕು, ಬೆಳಿಗ್ಗೆ ಅದು ಕೈಗೆ ಸಿಗಲ್ಲ. ಹಾಗಾಗಿ ಕೊನೇ ಊಟಕ್ಕೆ ಸೀರೆ ಬೇಡ, ಚೂಡಿದಾರ್ ಸಾಕು, ಅದನ್ನೇ ಕೈಚೀಲಕ್ಕೆ ಹಾಕ್ಕೊಳ್ಳಬಹುದು. ಬೆಳಗಿನ ಜಾವಕ್ಕೆ ಸ್ವೆಟರ್, ಸಾಕ್ಸು, ಶೂ, ಕಿವಿ ಮುಚ್ಚೋ ಸ್ಕಾರ್ಫು ತೆಗೆದು ಪಕ್ಕಕ್ಕೆ ಇಟ್ಕೊಂಡಿರಿ, ಯಾಕಂದ್ರೆ ಇನ್ನೂ ಕತ್ತಲಿರೋವಾಗಲೇ ಹಡಗು ನ್ಯೂಯಾರ್ಕ್ ಬಂದರಿನ ಬಾಯಲ್ಲಿರೋ ವೆರಾಜಾನೋ ಸೇತುವೆ ಕೆಳಗೆ ಹಾದು ಹೋಗುತ್ತೆ, ಚಿಮಣಿ ಸೇತುವೆಗೆ ತಗಲೇಬಿಡ್ತು ಅನ್ನೋ ಹಾಗೆ ಕಾಣುತ್ತೆ, ಇಡೀ ಹಡಗಿನ ಜನ ಎದ್ದು ಮೇಲೆ ನಿಂತಿರ್ತಾರೆ. ಗಾಲಾ ರಾತ್ರಿ ಕಿಲ್ಟ್ ಉಟ್ಟಿದ್ದ ಆತ ಅವತ್ತು ಉಣ್ಣೆ ಟೋಪಿ ಹಾಕ್ಕೊಂಡು ನಮ್ಮ ಪಕ್ಕದಲ್ಲೇ ನಿಂತಿದ್ರು, ಆಯಮ್ಮ ಮಾತ್ರ ಕೋಟಿನ ಮೇಲೆ ನಾನು ಕೊಟ್ಟ ಇಳಕಲ್ ಸೀರೆಯನ್ನ ಶಾಲಿನ ಥರ ಸುತ್ಕೊಂಡಿದ್ರು.