ಬಂಗುಡೆಗೆ ಪೂರ್ತಿ ಅಂಕ, ಬಾಡಿಗೆ ಕಾರಿಗೆ ಸೊನ್ನೆ

2010ರವರೆಗೆ ನಾನು ಬಳ್ಳಾರಿಯ ಒಂದು ಲಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸಂಡೂರಿನ ಕಡೆಯಿಂದ ಅದಿರು ತುಂಬಿ ಹೊರಟ ಲಾರಿಗಳಿಗೆ ಚೀಟಿ ಬರೆಯುವುದು ನನ್ನ ಕೆಲಸ. 'ಎಲ್ಲಿಗೆ' ಎಂಬ ಖಾನೆಯಲ್ಲಿ 'ನವ ಮಂಗಳೂರು ಬಂದರು' ಎಂದು ದಿನಕ್ಕೆ ನಲವತ್ತು ಸಲವಾದರೂ ಬರೆದಿದ್ದೇನೆ. ಆ ವರ್ಷ ಜುಲೈಯಲ್ಲಿ ಸರಕಾರ ಅದಿರು ರಫ್ತಿಗೆ ತಡೆ ಹಾಕಿತು, ಕಚೇರಿಗೆ ಬೀಗ ಬಿತ್ತು, ನಾನು ಜೀನ್ಸ್ ಹೊಲಿಯುವ ಘಟಕವೊಂದಕ್ಕೆ ಲೆಕ್ಕ ಬರೆಯಲು ಸೇರಿಕೊಂಡೆ. ಬಂದರನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

ಕಳೆದ ಜನವರಿಯಲ್ಲಿ ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಎಲ್ಲಿಗಾದರೂ ಹೋಗೋಣವೇ ಎಂದು ಕೇಳಿದ್ದಕ್ಕೆ ಹೆಂಡತಿ, "ರೀ, ಸಮುದ್ರದ ಮೀನನ್ನು ಸಮುದ್ರದ ಪಕ್ಕದಲ್ಲೇ ಕುಳಿತು ತಿನ್ನಬೇಕು" ಎಂದಳು. ಅವಳ ತವರು ಕಂಪ್ಲಿ. ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ಮೀನಿನ ವಿಷಯದಲ್ಲಿ ಅವಳ ಮಾತಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ.

ಮೊದಲು ಕಾರಿನ ಕಥೆ ಹೇಳಿ ಮುಗಿಸುತ್ತೇನೆ. ಫೋನಿನಲ್ಲಿ ಗೊತ್ತು ಮಾಡಿದ್ದೆ: ಇಡೀ ದಿನ, ಏಳು ಜಾಗ, 2,800 ರೂಪಾಯಿ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ಆರಕ್ಕೆಲ್ಲ ಮಂಗಳೂರಿನ ಬಿಜೈ ಬಸ್ ನಿಲ್ದಾಣದಲ್ಲಿ ಇಳಿದೆವು. ಆರೂವರೆಗೆ ಬರಬೇಕಿದ್ದ ಕಾರು ಬಂದದ್ದು ಒಂಬತ್ತಕ್ಕೆ. ಎಸಿ ಕೆಟ್ಟಿತ್ತು. ಕದ್ರಿ ದೇವಸ್ಥಾನದಿಂದ ಹೊರಟ ಡ್ರೈವರ್ ನಮ್ಮನ್ನು ಕೇಳದೆಯೇ ಗೋಡಂಬಿ ಅಂಗಡಿಯೊಂದರ ಮುಂದೆ ನಿಲ್ಲಿಸಿ, "ಸುಮ್ಮನೆ ಒಳಗೆ ಹೋಗಿ ನೋಡಿ ಬನ್ನಿ" ಎಂದ. ಸುಮ್ಮನೆ ಏಕೆ ಎಂದು ಇಪ್ಪತ್ತು ವರ್ಷ ಲೆಕ್ಕ ಬರೆದವನಿಗೆ ಹೇಳಿಕೊಡಬೇಕಾಗಿಲ್ಲ. ಸುಲ್ತಾನ್ ಬತ್ತೇರಿ ಎಂಬ ಹಳೆಯ ಬುರುಜಿನ ಬಳಿ ಇಳಿದು, ಅರ್ಧ ಹಣ ಕೊಟ್ಟು, ಕೈಮುಗಿದು ಕಳುಹಿಸಿದೆ. ಅಲ್ಲಿಂದ ಮುಂದೆ ಆಟೊ, ಸಿಟಿ ಬಸ್ಸು, ಕಾಲು. ದಿನ ಚೆನ್ನಾಗಿ ಸಾಗಿದ್ದೇ ಆಮೇಲೆ.

ಆದರೆ ಅವನು ತಡಮಾಡಿದ್ದಕ್ಕೆ ಒಂದು ಋಣವಿದೆ. ಕಾಯುವ ಬದಲು ಆಟೊ ಹಿಡಿದು ಹಳೇ ಬಂದರಿನ ಮೀನು ಇಳಿಸುವ ಧಕ್ಕೆಗೆ ಹೋದೆವು. ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಕಡಲಿಗೆ ಸೇರುವ ಜಾಗ ಅದು; ಎದುರು ದಂಡೆಯಲ್ಲಿ ಬೆಂಗ್ರೆ. ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದು, ತುಳುವಿನಲ್ಲಿ ಹರಾಜು, ಕಾಲಡಿಯಲ್ಲಿ ಉಪ್ಪುನೀರು. ಚಪ್ಪಲಿ ಹಾಳಾಗುತ್ತದೆ, ರಬ್ಬರಿನದೇ ಹಾಕಿಕೊಂಡು ಹೋಗಿ. ಹೆಂಡತಿ ಒಂದು ಬುಟ್ಟಿಯ ಮುಂದೆ ಕುಳಿತು, ಬಂಗುಡೆಯೊಂದನ್ನು ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ನೋಡಿದಳು. ದಾಳಿಂಬೆ ಬಿಡಿಸಿದಂತೆ ಕೆಂಪು. ಬುಟ್ಟಿಯ ಹೆಂಗಸು ಗದರಲಿಲ್ಲ. "ಎಲ್ಲಿಯವರು ಅಕ್ಕ?" ಎಂದರು. ಬಳ್ಳಾರಿ ಎಂದದ್ದಕ್ಕೆ, "ಅಲ್ಲಿಯೂ ಮೀನು ನೋಡಲು ಬರುತ್ತದೆಯಾ!" ಎಂದು ನಕ್ಕರು. ನನ್ನ ಹೆಂಡತಿಗೆ ಅದು ಇನ್ನೂ ಪೂರ್ತಿ ಜೀರ್ಣವಾಗಿಲ್ಲ.

ಊರು ನೋಡಿದ್ದರಲ್ಲಿ ಎರಡು ಮನಸ್ಸಿನಲ್ಲಿ ಉಳಿದಿವೆ. ಒಂದು, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ. ನೂರು ವರ್ಷಕ್ಕೂ ಹಿಂದೆ ಇಟಲಿಯ ಆಂಟೋನಿಯೊ ಮೊಸ್ಕೇನಿ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ್ದಾರೆ. ಕತ್ತು ನೋಯುವವರೆಗೆ ನೋಡಿದೆವು. ಇನ್ನೊಂದು, ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹ: ಆಳುಪ ದೊರೆ ಕುಂದವರ್ಮನ ಕಾಲದ್ದು, ಇಸವಿ 968. ಸುಲ್ತಾನ್ ಬತ್ತೇರಿಯ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಶತ್ರುಗಳ ಹಡಗು ನದಿಯೊಳಗೆ ಬರದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಅದು, ಎರಡು ನಿಮಿಷದಲ್ಲಿ ಹತ್ತಿ ಇಳಿಯಬಹುದು. ಬಳ್ಳಾರಿ ಗುಡ್ಡ ಹತ್ತಿದ ಮೊಣಕಾಲಿಗೆ ಇದು ಲೆಕ್ಕಕ್ಕಿಲ್ಲ. ಪಕ್ಕದ ಕುಂಬಾರ ಗುಡ್ಡ ನಮ್ಮ ಕೋಟೆಗಿಂತ ಎತ್ತರವಿದೆ ಎಂದು ತಡವಾಗಿ ತಿಳಿದ ಹೈದರ್, ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ನೇಣಿಗೆ ಹಾಕಿಸಿದ ಎಂಬ ಕಥೆ ನಮ್ಮಲ್ಲಿದೆಯಲ್ಲ, ಮಗ ಅದಕ್ಕೇ ಇಲ್ಲಿ ಚಿಕ್ಕದಾಗಿ ಕಟ್ಟಿಸಿ ಸುಮ್ಮನಾದನೇನೋ ಎಂದೆ. ಹೆಂಡತಿ ನಗಲಿಲ್ಲ, ಹಸಿದಿದ್ದಳು.

ಬತ್ತೇರಿಯ ಕೆಳಗಿನಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ ಕಡಲ ತೀರ. ಅಲ್ಲಿಂದ ಉತ್ತರಕ್ಕೆ ಪಣಂಬೂರಿನ ನವ ಮಂಗಳೂರು ಬಂದರು. ದೂರದ ನೀರಿನಲ್ಲಿ ಮೂರು ಹಡಗು ಸರದಿಗಾಗಿ ನಿಂತಿದ್ದವು. ಶಿರಾಡಿ ಘಾಟಿಯ ಗುಂಡಿಗಳಲ್ಲಿ ಅಚ್ಚು ಮುರಿದುಕೊಂಡು ನಮ್ಮ ಲಾರಿಗಳು ತಂದು ಸುರಿಯುತ್ತಿದ್ದ ಮಣ್ಣು ಇಂಥದೇ ಹೊಟ್ಟೆಗಳಿಗೆ ಹೋಗುತ್ತಿತ್ತು. ಒಂದು ಹಡಗಿಗೆ ಎಷ್ಟು ಚೀಟಿ ಬರೆಯಬೇಕಾಗಿತ್ತು ಎಂದು ಬೆರಳು ಎಣಿಸುತ್ತ ನಿಂತೆ. ಹೆಂಡತಿ ಕೈ ಹಿಡಿದು ಎಳೆದಳು.

ಈಗ ಊಟ. ಒಂದೆರಡು ದೂರು ಇರುವುದರಿಂದ ಹೋಟೆಲಿನ ಹೆಸರು ಹಾಕುವುದಿಲ್ಲ. ಹಳೇ ಬಂದರಿನ ಗೋದಾಮುಗಳ ಓಣಿಯಲ್ಲಿದೆ, ಹೊರಗೆ ಜನ ನಿಂತಿರುತ್ತಾರೆ. ಅರ್ಧ ಗಂಟೆ ಕಾದು, ಪರಿಚಯವಿಲ್ಲದ ಇಬ್ಬರ ಎದುರು ಕುಳಿತೆವು. ಮಸಾಲೆ ಹಚ್ಚಿದ ಹಸಿ ಮೀನುಗಳನ್ನು ದೊಡ್ಡ ತಟ್ಟೆಯಲ್ಲಿ ಜೋಡಿಸಿ ಮೇಜಿಗೇ ತರುತ್ತಾರೆ: ಬಂಗುಡೆ, ಅಂಜಲ್, ಕಾಣೆ, ಮಾಂಜಿ, ಸಿಗಡಿ. ಬೆರಳು ತೋರಿಸಿದ್ದನ್ನು ಕಾವಲಿಗೆ ಹಾಕುತ್ತಾರೆ. ಈ ಒಂದು ಪದ್ಧತಿಗೇ ಅರ್ಧ ಅಂಕ ಕೊಡಬಹುದು. ಹೆಂಡತಿ ಬಗ್ಗಿ, ಮಸಾಲೆಯ ಅಡಿಯಲ್ಲಿದ್ದ ಕಣ್ಣು ನೋಡಿ, ಎರಡು ಬಂಗುಡೆ ಆರಿಸಿದಳು.

ಬಂಗುಡೆಯ ಸಿಪ್ಪೆ ಕಾವಲಿಗೆ ಅಂಟಿದ ಕಡೆ ಕಪ್ಪಾಗಿ ಗರಿಗರಿಯಾಗಿತ್ತು. ಕೊಯ್ದ ಗೀರುಗಳೊಳಗೆ ಮಸಾಲೆ ಇಳಿದಿತ್ತು. ಬೆನ್ನಿನ ಮೇಲೆ ಬೆರಳು ಒತ್ತಿ ಎಳೆದರೆ ಮಾಂಸ ಒಂದು ಪಕ್ಕಕ್ಕೆ, ಮುಳ್ಳು ಬಾಚಣಿಗೆಯಂತೆ ಇಡಿಯಾಗಿ ಇನ್ನೊಂದು ಪಕ್ಕಕ್ಕೆ. ಡ್ಯಾಮಿನ ರೋಹು ಮೀನು ತಿಂದು ಬೆಳೆದವರಿಗೆ ಇದರ ಬೆಲೆ ಗೊತ್ತು. ರೋಹುವಿನ ಕವಲು ಮುಳ್ಳುಗಳು ಮಾಂಸದೊಳಗೇ ಅಡಗಿರುತ್ತವೆ, ಊಟ ಮುಗಿಯುವವರೆಗೆ ಮಾತನಾಡುವಂತಿಲ್ಲ. ಇಲ್ಲಿ ನಾವಿಬ್ಬರೂ ಮಾತನಾಡುತ್ತ ಮೀನು ತಿಂದೆವು, ಇಪ್ಪತ್ತೈದು ವರ್ಷಗಳಲ್ಲಿ ಬಹುಶಃ ಮೊದಲ ಸಲ.

ಪುಳಿಮುಂಚಿ ಎಂಬ ಮೀನು ಸಾರಿನಲ್ಲಿ ಖಾರಕ್ಕಿಂತ ಹುಳಿ ಮುಂದೆ. ಬಣ್ಣ ನೋಡಿ ಹೆದರಿದ್ದೆ, ಆದರೆ ಅದು ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಗುಂಟೂರಿನ ಉರಿಯಲ್ಲ. ಕುಚ್ಚಲಕ್ಕಿ ಅನ್ನದ ದಪ್ಪ ಅಗುಳು ಆ ಸಾರನ್ನು ಚೆನ್ನಾಗಿ ಹೀರಿಕೊಂಡಿತು. ನೀರುದೋಸೆ ಮೃದುವಾಗಿತ್ತು, ಜೋಳದ ರೊಟ್ಟಿಯ ಹೊಟ್ಟೆಗೆ ಅದು ಕರವಸ್ತ್ರದಂತೆ, ಆರು ತಿಂದೆ. ಅಂಜಲ್ ತುಂಡು ಮಾತ್ರ ಒಣಗಿತ್ತು. ಗದ್ದಲದಲ್ಲಿ ಕಾವಲಿಯ ಮೇಲೆ ಮರೆತಿದ್ದರು.

ದೂರು ಎರಡು. ಬಂಗುಡೆಗೆ, ಊಟಕ್ಕೆ ದರ ಬರೆದಿದ್ದಾರೆ. ಮಾಂಜಿ, ಕಾಣೆಗೆ 'ಗಾತ್ರ ನೋಡಿ ದರ' ಎಂದಷ್ಟೇ ಇದೆ. ನಾವು ಕೇಳದೆ ಒಂದು ಮಾಂಜಿ ಹೇಳಿದೆವು, ಅದೊಂದಕ್ಕೇ 620 ರೂಪಾಯಿ ಬಿತ್ತು. ಒಟ್ಟು ಬಿಲ್ಲು 1,540. ಬೆರಳು ತೋರಿಸುವಾಗಲೇ ದರ ಕೇಳಿ, ಸಂಕೋಚ ಬೇಡ. ಎರಡನೆಯದು, ಕೈ ತೊಳೆದು ಬರುವಷ್ಟರಲ್ಲಿ ನಮ್ಮ ಕುರ್ಚಿಯಲ್ಲಿ ಬೇರೆಯವರು ಕುಳಿತಿದ್ದರು, ಹೆಂಡತಿಯ ಚೀಲದ ಸಮೇತ.

ಜೂನ್, ಜುಲೈಯಲ್ಲಿ ಹೋಗಬೇಡಿ. ಆ ಎರಡು ತಿಂಗಳು ಯಂತ್ರದ ಬೋಟುಗಳಿಗೆ ನಿಷೇಧ, ಧಕ್ಕೆ ಖಾಲಿ. ಜನವರಿಯಲ್ಲೂ ಬೆವರು ಆರುವುದಿಲ್ಲ, ಇನ್ನೊಂದು ಅಂಗಿ ಇರಲಿ.

ಸಂಜೆ ಹೆಂಡತಿ ಒಂದು ಕಿಲೊ ಒಣ ಸಿಗಡಿ ಕೊಂಡಳು. ಮೂರು ಪ್ಲಾಸ್ಟಿಕ್ ಚೀಲ, ಅದರ ಮೇಲೆ ನನ್ನ ಬೆವರಿನ ಅಂಗಿ ಸುತ್ತಿದರೂ ಕಂಡಕ್ಟರ್ ಹತ್ತೇ ನಿಮಿಷದಲ್ಲಿ ನಮ್ಮ ಸೀಟಿನ ಬಳಿ ಬಂದು ನಿಂತರು. ಗಂಟು ಡಿಕ್ಕಿಗೆ ಹೋಯಿತು. ಬಳ್ಳಾರಿಯಲ್ಲಿ ಇಳಿದಾಗ ಯಾರದೋ ಹಾಸಿಗೆ ಸುರುಳಿಯ ಕೆಳಗೆ ಸಿಕ್ಕಿತು, ಆ ಮನುಷ್ಯ ತನ್ನ ಹಾಸಿಗೆಯನ್ನು ಮೂಸಿ ನೋಡುತ್ತಿದ್ದ. ನಾವು ಬೇಗ ಬೇಗ ಆಟೊ ಹತ್ತಿದೆವು.