ಏಳು ವರ್ಷ ಬಳಸಿದ ಬ್ರಯರ್ ಪೈಪ್: ಉಜ್ಜಿ ಹೊಸ ಬಣ್ಣ ಹಾಕಬೇಕಾ?

ನನ್ನ ಹತ್ತಿರ ಒಬ್ಬರೇ ಕುಶಲಕರ್ಮಿ ಕೈಯಲ್ಲಿ ಮಾಡಿಕೊಟ್ಟ, ತಂಬಾಕು ಸೇದುವ ಎರಡು ಬ್ರಯರ್ ಪೈಪ್ ಇವೆ. ಬ್ರಯರ್ ಅಂದರೆ ಒಂದು ಜಾತಿ ಪೊದೆಯ ಬೇರುಗಂಟಿನ ಮರ. ಎರಡೂ ಬಿಲಿಯರ್ಡ್ ಆಕಾರ (ನೇರ ಕೊಳವೆ, ಉರುಟು ಬಟ್ಟಲಿನ ಸಾದಾ ಆಕಾರ), ನುಣುಪು ಮೈ, ತಿಳಿ ಬಣ್ಣ, ಎಬೊನೈಟ್ ಎಂಬ ಗಟ್ಟಿ ರಬ್ಬರ್‌ನ ಸ್ಟೆಮ್, ಅಂದರೆ ಬಾಯಿಗಿಡುವ ಕೊಳವೆ. ತೆಗೆದುಕೊಂಡು ಏಳು ವರ್ಷ ಆಯ್ತು. ಒಂದನ್ನು ನಾನೇ ಉಜ್ಜಿ ಬಣ್ಣ ಬದಲಿಸಿದೆ. ಇನ್ನೊಂದರ ಮರಕ್ಕೆ ಕೈ ಹಚ್ಚಲಿಲ್ಲ. ಇವತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹೇಳಬೇಕು ಅನಿಸಿದ್ದನ್ನು ಬರೆಯುತ್ತಿದ್ದೇನೆ.

ಮೂರನೇ ವರ್ಷಕ್ಕೆ ಮೊದಲ ಪೈಪ್ ಹಳೆಯದಾಗಿ ಕಾಣಲು ಶುರುವಾಯಿತು. ಲೈಟರ್ ಉರಿ ತಾಗಿ ಬೌಲ್‌ನ (ತಂಬಾಕು ತುಂಬುವ ಬಟ್ಟಲಿನ) ಅಂಚು ಕಪ್ಪಾಗಿತ್ತು, ಒಮ್ಮೆ ಬಿದ್ದು ಸಣ್ಣ ತಗ್ಗು ಆಗಿತ್ತು. ಗಾಢ ಕಂದು ಬಣ್ಣ ಹಾಕಿದರೆ ಎಲ್ಲ ಮುಚ್ಚಿಹೋಗುತ್ತದೆ ಅಂದುಕೊಂಡೆ. 400 ನಂಬರ್ ಉಪ್ಪುಕಾಗದ ತಂದು, ಸ್ಟೆಮ್ ಬಿಚ್ಚಿಟ್ಟು, ಮರವನ್ನಷ್ಟೇ ಉಜ್ಜಿದೆ. ದೊಡ್ಡ ತಪ್ಪು ಅದೇ. ಸ್ಟೆಮ್ ಬಿಚ್ಚಿ ಉಜ್ಜಿದರೆ ಶ್ಯಾಂಕ್‌ನ (ಸ್ಟೆಮ್ ಕೂರುವ ಮರದ ಕೊಳವೆಯ) ತುದಿ ದುಂಡಗಾಗಿಬಿಡುತ್ತದೆ, ತಿರುಗಿ ಜೋಡಿಸಿದಾಗ ಎರಡರ ನಡುವೆ ಉಗುರು ಸಿಕ್ಕಿಕೊಳ್ಳುವಂಥ ಸಂದು ಉಳಿಯುತ್ತದೆ. ಮಾಡಿದವರು ಆ ಕೂಡು ಜಾಗವನ್ನು ಕೂದಲೂ ತೂರದ ಹಾಗೆ ಕೂರಿಸಿದ್ದರು. ಅವರ ಮುದ್ರೆಯೂ ಅರ್ಧ ಅಳಿಸಿಹೋಯಿತು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಬಣ್ಣವೂ ಸಮ ಹಿಡಿಯಲಿಲ್ಲ. ಮೂರು ವರ್ಷದ ಮೇಣ, ಕೈಯ ಜಿಡ್ಡು ಮರದಲ್ಲಿ ಇಳಿದಿರುತ್ತದೆ ಅಲ್ವಾ, ಅದನ್ನು ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಒರೆಸದೆ ಬಣ್ಣ ಬಳಿದರೆ ತೇಪೆ ತೇಪೆಯಾಗಿ ಕೂರುತ್ತದೆ. ಆ ತೇಪೆ ಮರೆಸಲು ಮೇಲೆ ವಾರ್ನಿಶ್ ಹೊಡೆದೆ. ಸೇದುವಾಗ ಬೌಲ್ ಬಿಸಿಯಾಗುತ್ತದೆ, ವಾರ್ನಿಶ್ ಆ ಬಿಸಿ ತಾಳಲಿಲ್ಲ. ಮೂರನೇ ಸಲ ಸೇದುವಷ್ಟರಲ್ಲಿ ಗುಳ್ಳೆ ಎದ್ದು ಸಿಪ್ಪೆ ಬಿಟ್ಟಿತು.

ಎರಡನೇ ಪೈಪ್‌ನ ಅಂಚೂ ಕಪ್ಪಾಯಿತು, ಅದಕ್ಕೂ ತಗ್ಗು ಬಿತ್ತು. ಈ ಸಲ ಉಪ್ಪುಕಾಗದವನ್ನು ಮರದ ಹತ್ತಿರಕ್ಕೇ ತರಲಿಲ್ಲ. ಅಂಚಿನ ಕಪ್ಪನ್ನು ಎಂಜಲು ಹಚ್ಚಿದ ಹತ್ತಿಬಟ್ಟೆಯಿಂದ ನಿಧಾನಕ್ಕೆ ಒರೆಸಿದೆ. ಮಸಿಯಾಗಿದ್ದದ್ದು ಬಂತು, ಮರವೇ ಸುಟ್ಟ ಜಾಗ ಹಾಗೇ ಉಳಿಯಿತು, ಉಳಿಯಲಿ ಎಂದು ಬಿಟ್ಟೆ. ತಗ್ಗಿನ ಮೇಲೆ ಒದ್ದೆ ಬಟ್ಟೆ ಇಟ್ಟು, ಕಾಯಿಸಿದ ಚಾಕುವಿನ ಅಲಗನ್ನು ಒಂದೆರಡು ಕ್ಷಣ ಒತ್ತಿದೆ. ಆವಿಗೆ ಅಮುಕಿದ ನಾರು ಉಬ್ಬಿ ಮೇಲೆ ಬರುತ್ತದೆ. ನಾರು ಕತ್ತರಿಸಿ ಹೋಗಿರುವ ಗೀರಿಗೆ ಮಾತ್ರ ಇದು ನಡೆಯುವುದಿಲ್ಲ.

ಸ್ಟೆಮ್ ವಿಷಯ ಬೇರೆ, ಅದನ್ನು ಉಜ್ಜಲೇಬೇಕು. ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲು, ಗಾಳಿ ತಾಗಿದರೆ ಹಸಿರು ಮಿಶ್ರ ಹಳದಿಯಾಗುತ್ತದೆ, ಬಾಯಿಗಿಟ್ಟರೆ ಗಂಧಕದ ಕೆಟ್ಟ ರುಚಿ. ನೀರು ಹಚ್ಚಿಕೊಂಡು 400ರಿಂದ ಶುರು ಮಾಡಿ 600, 1000, 2000 ಎಂದು ಹೋದರೆ ಮತ್ತೆ ಕರಿ ಹೊಳಪು ಬರುತ್ತದೆ. ಶ್ಯಾಂಕ್ ಹತ್ತಿರ ತೆಳು ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಿಕೊಂಡರೆ ಅಂಚು ದುಂಡಗಾಗುವುದಿಲ್ಲ, ಮರಕ್ಕೂ ಗೀರು ಬೀಳುವುದಿಲ್ಲ. ಆಮೇಲೆ ಪೈಪನ್ನು ಕಿಟಕಿ ಹತ್ತಿರ ಇಡಬೇಡಿ, ಅಷ್ಟು ಮಾಡಿದರೆ ಈ ಕೆಲಸ ಪದೇ ಪದೇ ಬರುವುದಿಲ್ಲ.

ಮರದ ಹೊಳಪಿಗೆ ಕಾರ್ನೌಬಾ ಮೇಣವೇ (ಒಂದು ಜಾತಿ ತಾಳೆಯ ಎಲೆಯಿಂದ ಬರುವ ಗಟ್ಟಿ ಮೇಣ) ಸಾಕು. ಅದು ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು, ಹಾಗಾಗಿ ಗಟ್ಟಿ ಮೇಣವನ್ನು ಸುಮ್ನೆ ಕೈಯಲ್ಲಿ ಉಜ್ಜಿದರೆ ಹರಡುವುದಿಲ್ಲ, ತಿರುಗುವ ಬಟ್ಟೆಚಕ್ರ ಬೇಕು. ಚಕ್ರ ಇಲ್ಲದಿದ್ದರೆ ಮಾಡಿದವರ ಹತ್ತಿರವೇ ಕೊಡಿ.

ನಿಜಕ್ಕೂ ಉಪಯೋಗಕ್ಕೆ ಬಂದ ಬದಲಾವಣೆ ಒಂದೇ. ಎರಡನೇ ಪೈಪ್‌ನ ಹೊಗೆ ದಾರಿ 3.5 ಮಿಲಿಮೀಟರ್ ಅಗಲ ಇತ್ತು. ಸೇದುವಾಗ ಬಿಗಿ ಅನಿಸುತ್ತಿತ್ತು, ಕೊನೆಕೊನೆಗೆ ಒಳಗೆ ನೀರು ಕೂತು ಗೊರಗೊರ ಅನ್ನುತ್ತಿತ್ತು. ಮಾಡಿದವರನ್ನೇ ಕೇಳಿದೆ. ಅವರು ಅದನ್ನು 4 ಮಿಲಿಮೀಟರ್‌ಗೆ ಕೊರೆದು, ಸ್ಟೆಮ್‌ನ ಬಾಯಿ ಕಡೆಯ ಸೀಳನ್ನೂ ಒಳಗಿಂದ ನಯ ಮಾಡಿಕೊಟ್ಟರು. ಅದೇ ತಂಬಾಕು, ಅದೇ ಕೈ, ಆದರೆ ಈಗ ಬೂದಿಯಾಗುವ ತನಕ ಆರದೆ ಉರಿಯುತ್ತದೆ. ಇದನ್ನು ಮನೆಯಲ್ಲಿ ಡ್ರಿಲ್ ಹಿಡಿದು ಮಾಡಲು ಹೋಗಬೇಡಿ, ದಯವಿಟ್ಟು. ರಂಧ್ರ ಸರಿಯಾಗಿ ಬೌಲ್‌ನ ತಳದಲ್ಲೇ ತೆರೆಯಬೇಕು, ಒಂಚೂರು ಓರೆಯಾದರೂ ತಳ ಹಾಳು.

ಬಣ್ಣಕ್ಕೆ ಬಂದರೆ, ನಾನು ಡಬ್ಬಿಯಿಂದ ತರಲು ಹೋದ ಕಂದು ಎರಡನೇ ಪೈಪ್‌ಗೆ ತಾನಾಗೇ ಬಂತು. ಕೈ ತಾಗಿ, ಬಿಸಿ ತಾಗಿ, ತಿಳಿ ಮರ ಮೊದಲು ಜೇನಿನ ಬಣ್ಣಕ್ಕೆ ತಿರುಗಿತು, ಈಗ ಬೌಲ್‌ನ ಕೆಳಭಾಗ ಕೆಂಪು ಕಂದು. ಎಳೆಗಳು ಹೊಸದಾಗಿದ್ದಾಗ ಕಾಣುತ್ತಿದ್ದುದಕ್ಕಿಂತ ಸ್ಪಷ್ಟವಾಗಿ ಕಾಣುತ್ತವೆ. ಐದನೇ ವರ್ಷದ ತನಕ ನನಗೆ ಅದು ಗೊತ್ತೇ ಆಗಿರಲಿಲ್ಲ.

ಮೊದಲನೆಯದರ ವಾರ್ನಿಶ್ ಪೂರ್ತಿ ತೆಗೆದಿದ್ದೇನೆ. ಸೇದಲು ಈಗಲೂ ಚೆನ್ನಾಗಿದೆ. ಮೈ ಹೇಗೂ ಕೆಟ್ಟಿರುವುದರಿಂದ ಸ್ಯಾಂಡ್‌ಬ್ಲಾಸ್ಟ್ (ಜೋರಾಗಿ ಮರಳಿನಂಥ ಪುಡಿ ಚಿಮ್ಮಿಸುವುದು) ಮಾಡಿಸಿದರೆ ಮೆದು ಭಾಗ ಸವೆದು ಗಟ್ಟಿ ಎಳೆಗಳು ಉಬ್ಬಿ ನಿಲ್ಲುತ್ತವೆ, ತೇಪೆಯೂ ಕಾಣುವುದಿಲ್ಲ ಎಂದು ಅದೇ ಕುಶಲಕರ್ಮಿ ಹೇಳಿದ್ದಾರೆ. ಉಳಿದಿರುವ ಅರ್ಧ ಮುದ್ರೆಗೆ ಟೇಪ್ ಸುತ್ತಿ ಕಾಪಾಡುತ್ತಾರಂತೆ. ಅದನ್ನು ಮುಂದಿನ ತಿಂಗಳು ಕೊಡುತ್ತಿದ್ದೇನೆ. ಎರಡನೆಯದನ್ನು ಕೊಡುವುದಿಲ್ಲ.