ಒತ್ತಡದ ಕೆಲಸಕ್ಕೆ ಬೆಳಗೋ, ಸಂಜೆಯೋ?

ಸಂದರ್ಶನಕ್ಕೆ ಬೆಳಗಿನ ಹೊತ್ತನ್ನೋ ಸಂಜೆಯ ಹೊತ್ತನ್ನೋ ಆರಿಸಿಕೊಳ್ಳುವ ಅವಕಾಶ ಸಿಕ್ಕವರು ದೇಹದೊಳಗಿನ ಗಡಿಯಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ, ಒತ್ತಡ ಎದುರಿಸಲು ದೇಹವನ್ನು ಅಣಿಗೊಳಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು, ನಾವು ಎದ್ದ ಅರ್ಧ-ಮುಕ್ಕಾಲು ಗಂಟೆಯಲ್ಲಿ ಏರಿ, ದಿನವಿಡೀ ಇಳಿಯುತ್ತಾ ಹೋಗಿ, ನಡುರಾತ್ರಿಯ ಸುಮಾರಿಗೆ ತೀರಾ ಕಡಿಮೆಯಾಗುತ್ತದೆ.

ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 27 ಆರೋಗ್ಯವಂತ ಯುವಜನರನ್ನು ಎರಡು ಗುಂಪು ಮಾಡಿ, ಒಂದನ್ನು ಎದ್ದ 2 ಗಂಟೆಯ ನಂತರ, ಇನ್ನೊಂದನ್ನು ಎದ್ದ 10 ಗಂಟೆಯ ನಂತರ, ಪರೀಕ್ಷಕರ ಮತ್ತು ಕ್ಯಾಮೆರಾದ ಎದುರು ನಿಲ್ಲಿಸಿ ಭಾಷಣ ಮಾಡಿಸಿದರು, ಬಾಯಿಲೆಕ್ಕವನ್ನೂ ಹಾಕಿಸಿದರು. ಬೆಳಗಿನವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಗಣನೀಯವಾಗಿ ಏರಿತು. ಸಂಜೆಯವರಲ್ಲಿ ಹಾಗೆ ಏರಲಿಲ್ಲ. ಹೃದಯಬಡಿತದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಸಂಜೆ ಕಾರ್ಟಿಸಾಲ್ ಏರದಿರುವುದನ್ನು ನೆಮ್ಮದಿಯೆಂದು ಭಾವಿಸಬಾರದು: ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಗಂಟಲೊಣಗುವುದು ಆಗಲೂ ಇದ್ದೇ ಇರುತ್ತದೆ, ಆದರೆ ರಕ್ತಕ್ಕೆ ಸಕ್ಕರೆ ಒದಗಿಸಿ ದೇಹವನ್ನು ಸಜ್ಜುಗೊಳಿಸುವ ಹಾರ್ಮೋನಿನ ಬೆಂಬಲ ಕುಗ್ಗಿರಬಹುದು.

ಇದು ಸಣ್ಣ ಅಧ್ಯಯನ ಎಂಬುದನ್ನೂ ಹೇಳಲೇಬೇಕು. 208 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2004ರ ವಿಶ್ಲೇಷಣೆಯಲ್ಲಿ, ಮಧ್ಯಾಹ್ನದ ನಂತರ ನಡೆಸಿದ ಪ್ರಯೋಗಗಳಲ್ಲೇ ಕಾರ್ಟಿಸಾಲ್ ಏರಿಕೆ ಹೆಚ್ಚು ಸ್ಪಷ್ಟವಾಗಿ ಕಂಡಿತ್ತು. ಬೆಳಗ್ಗೆ ಅದರ ಮಟ್ಟ ಮೊದಲೇ ಮೇಲಿರುವುದು ಇದಕ್ಕೆ ಒಂದು ಕಾರಣವಿರಬಹುದು.

ಆದರೂ ಹಗಲು ದುಡಿದು ರಾತ್ರಿ ಮಲಗುವವರಿಗೆ ನನ್ನ ಸಲಹೆ ಬೆಳಗಿನ ಹೊತ್ತೇ, ಆದರೆ ಎದ್ದು ಎರಡು ಗಂಟೆಯಾದರೂ ಕಳೆದಿರಲಿ. ರಾತ್ರಿಪಾಳಿಯವರಿಗೆ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಮನೆಯ ಹಣಕಾಸಿನ ಬಿಸಿಬಿಸಿ ಚರ್ಚೆಯನ್ನಂತೂ ಮಲಗುವ ಹೊತ್ತಿಗೆ ಎತ್ತಿಕೊಳ್ಳಬೇಡಿ; ಅದು ನಿದ್ದೆಯನ್ನೇ ಕೆಡಿಸುತ್ತದೆ.